ಕಾಕ್‌ಪಿಟ್‌ನ ಮೂರನೆಯ ಸೀಟು

ವಿಮಾನ ಭರ್ತಿಯಾಗಿತ್ತು. ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಹಿಂದಿನ ಸೀಟೊಂದೇ ಉಳಿದಿತ್ತು. ರಜೆಯ ಮೇಲೆ ಊರಿಗೆ ಹೊರಟ ಪೈಲಟ್‌ಗಳು ಇಬ್ಬರು: ಮೊದಲು ಹೆಸರು ಬರೆಸಿದ ನಳಿನಾಕ್ಷಿ, ಆಮೇಲೆ ಬಂದ ಚಿದಾನಂದ. ಮೊದಲು ಬರೆಸಿದವರಿಗೆ ಸೀಟು ಎಂಬುದು ಪದ್ಧತಿ. ಆದರೆ ಕೊನೆಯ ಮಾತು ಕ್ಯಾಪ್ಟನ್‌ರದು.

"ಚಿದಾನಂದ ಬರಲಿ," ಎಂದರು ಕ್ಯಾಪ್ಟನ್.

"ಸರ್, ಮೊದಲ ಹೆಸರು ನಂದು. ಅಪ್ಪ ಐಸಿಯುನಲ್ಲಿದ್ದಾರೆ. ಇನ್ನು ವಿಮಾನ ಇರೋದು ನಾಳೆ."

"ಗೊತ್ತಮ್ಮ."

"ಅವರೇ ಹೋಗ್ಲಿ ಸರ್," ಎಂದ ಚಿದಾನಂದ. "ನಾನು ಹೊರಟಿರೋದು ತಂಗಿ ಮಗುವಿನ ನಾಮಕರಣಕ್ಕೆ. ಮಾವ ಬರಲಿಲ್ಲ ಅಂತ ಹೆಸರಿಡೋದು ಬಿಡ್ತಾರಾ?"

"ನೀನೇ ಬಾ ಅಂದೆ."

"ನಿಮ್ಮದೇನು ತಪ್ಪು? ಮಗುಗೆ ಒಳ್ಳೇದಾಗ್ಲಿ," ಎಂದು ಚಿದಾನಂದನಿಗೆ ಹೇಳಿ, ನಳಿನಾಕ್ಷಿ ಕಣ್ಣೊರೆಸಿಕೊಂಡು ಇಳಿದುಹೋದಳು.

ವಿಮಾನ ಮೋಡಗಳನ್ನು ದಾಟಿತು. ಕೋ-ಪೈಲಟ್ ಶೌಚಾಲಯಕ್ಕೆ ಎದ್ದುಹೋದಾಗ ಚಿದಾನಂದ ಬಾಯಿಬಿಟ್ಟ.

"ನೀವು ಮಾಡಿದ್ದು ಅನ್ಯಾಯ ಸರ್."

"ಹೌದು. ಆದರೆ ಅವಳು ಹಾರಿಸೋದು ಬೇರೆ ಥರದ ವಿಮಾನ. ಇದನ್ನ ಇಳಿಸಿ ಅಭ್ಯಾಸ ಇರೋದು ನಿನಗೆ," ಎಂದರು ಕ್ಯಾಪ್ಟನ್. "ಕೋ-ಪೈಲಟ್ ಹೊಸಬ. ಬೆಳಿಗ್ಗೆಯಿಂದ ನನಗೆ ಎಡಗಣ್ಣು ಕಾಣ್ತಿಲ್ಲ. ಈಗ ಬಲಗಣ್ಣೂ ಮಂಜಾಗ್ತಿದೆ."