ನಲವತ್ತೊಂದು ಹೆಸರುಗಳು

ಡೇಲ್ ಹಕಬಿ ತನ್ನ ಪಟ್ಟಿಯ ಮೊದಲ ಹೆಸರು ಓದುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ಕೂತಿದ್ದ ಕಪ್ಪು ಜನಾಂಗದ ಮುದುಕಿಯೊಬ್ಬಳು ಎದ್ದು ನಿಂತಳು.

"ಆ ಹುಡುಗ ಇದಾನೆ. ಅವನ ಮನೇನೂ ಇದೆ," ಎಂದಳು.

ಅಮೆರಿಕದ ಜಾರ್ಜಿಯಾ ರಾಜ್ಯದ ಆ ಸಣ್ಣ ಕೌಂಟಿಯ ಚುನಾವಣಾ ಮಂಡಳಿಯ ಮುಂದೆ ಅಂದು ನಲವತ್ತೊಂದು ಮತದಾರರ ಹೆಸರು ವಿಚಾರಣೆಗೆ ಬಂದಿದ್ದವು. ಅಷ್ಟೂ ಹೆಸರಿಗೆ ಆಕ್ಷೇಪಣೆ ಹಾಕಿದವನು ಡೇಲ್. ವಿಮಾ ಕಂಪನಿಯ ಕೆಲಸ ಮುಗಿಸಿ, ಅಟ್ಲಾಂಟಾ ಬಿಟ್ಟು ಈ ಕಡೆ ನೆಲೆಸಿ ಆರು ವರ್ಷವಾಗಿತ್ತು. ಸತ್ತವರ ಹೆಸರಿನಲ್ಲಿ, ಇಲ್ಲದ ಮನೆಗಳಿಂದ ಮತ ಬೀಳುತ್ತಿದೆ ಎಂದು ಮನಸಾರೆ ನಂಬಿದ್ದ. ನಾಲ್ಕು ತಿಂಗಳು ಕಂಪ್ಯೂಟರ್ ಮುಂದೆ ಕೂತು, ಅಂಚೆ ವಾಪಸಾದ ವಿಳಾಸಗಳನ್ನೂ ಎರಡೆರಡು ಸಲ ಕಂಡ ಹೆಸರುಗಳನ್ನೂ ಹೆಕ್ಕಿದ್ದ. ಯಾರ ಮೇಲೂ ಅವನಿಗೆ ಹಗೆಯಿರಲಿಲ್ಲ. ಪಟ್ಟಿ ಚೊಕ್ಕಟವಾಗಿರಬೇಕು, ಅಷ್ಟೆ. ನೋಟಿಸು ಎಲ್ಲರಿಗೂ ಹೋಗಿತ್ತು. ಆದರೆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕೋಳಿ ಮಾಂಸದ ಕಾರ್ಖಾನೆಯ ಪಾಳಿ ಬಿಟ್ಟು ಬರುವವರು ಯಾರು? ಬಂದವರು ಐದೇ ಜನ. ಉಳಿದವರ ಪರವಾಗಿ ಹೇಳುವವರಿಲ್ಲದೆ ಹೋದರೆ ನವೆಂಬರ್ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ.

ಅಧ್ಯಕ್ಷೆ ಲೆಡ್‌ಬೆಟರ್ ಮುದುಕಿಯ ಹೆಸರು ಕೇಳಿದಳು. ವರ್ನೆಲ್ ಟಾಲಿವರ್. ಪಟ್ಟಿಯಲ್ಲಿ ತಾನಿಲ್ಲ, ಆದರೆ ಈ ಕೌಂಟಿಯಲ್ಲಿ ಮೂವತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ್ದೇನೆ, ಯಾವ ಮಗುವನ್ನು ಯಾವ ಬಾಗಿಲಲ್ಲಿ ಇಳಿಸಿದೆ ಎಂದು ಇವತ್ತಿಗೂ ಹೇಳಬಲ್ಲೆ ಎಂದಳು. ಮಂಡಳಿಯ ಮೂವರೂ ಮುಖ ಮುಖ ನೋಡಿಕೊಂಡರು. ಅವರಲ್ಲಿ ಇಬ್ಬರನ್ನು ಇಳಿಸಿದವಳೂ ಅವಳೇ. ಪ್ರಮಾಣ ಮಾಡಿಸಿ, ಸಾಕ್ಷಿ ಹೇಳಲು ಬಿಟ್ಟರು.

ಟಾಲಿವರ್ ಎಂದದ್ದಕ್ಕೆ ಡೇಲ್‌ನ ಕಿವಿ ನಿಮಿರಿತು. ಪಟ್ಟಿಯ ಕಟ್ಟಕಡೆಯಲ್ಲಿದ್ದವನೂ ಒಬ್ಬ ಟಾಲಿವರ್. ಅವನು ತೀರಿಹೋದ ಸುದ್ದಿ ಊರಿನ ವಾರಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಕತ್ತರಿಸಿ ಡೇಲ್ ಕಡತದಲ್ಲಿ ಇಟ್ಟುಕೊಂಡಿದ್ದ. ಎಲ್ಲರೂ ಇದ್ದಾರೆ ಎನ್ನುತ್ತಲೇ ಹೋಗಲಿ ಈ ಮುದುಕಿ, ಅಲ್ಲಿಗೆ ಬಂದಾಗ ತುಣುಕು ಹೊರಗೆ ತೆಗೆದರಾಯಿತು. ಒಂದು ಸುಳ್ಳು ಸಿಕ್ಕಿಬಿದ್ದರೆ ಮಿಕ್ಕ ಮಾತೆಲ್ಲ ತಾನಾಗಿ ಬಿದ್ದುಹೋಗುತ್ತದೆ.

ಅವನು ಓದಿದ, ಅವಳು ಹೇಳಿದಳು. ಒಂದು ಕುಟುಂಬದ ವಿಳಾಸದಲ್ಲಿ ಮನೆಯಿಲ್ಲ ನಿಜ. ಬಿರುಗಾಳಿಗೆ ಸೂರು ಹಾರಿದ ಮೇಲೆ ಅವರು ರಸ್ತೆಯ ಆಚೆ ಬದಿಗೆ ಕಟ್ಟಿಕೊಂಡರು. ಈ ಹೆಂಗಸಿಗೆ ಅಂಚೆ ಮುಟ್ಟುವುದಿಲ್ಲ, ಯಾಕೆಂದರೆ ಆಂಬ್ಯುಲೆನ್ಸಿಗೆ ಸಲೀಸಾಗಲೆಂದು ಕೌಂಟಿಯೇ ಆ ಬೀದಿಯ ಮನೆ ನಂಬರು ಬದಲಾಯಿಸಿದೆ. ಇನ್ನೊಬ್ಬ ಚರ್ಚಿನ ಹಿಂದಿನ ಕೋಣೆಯಲ್ಲಿ ಮಲಗುತ್ತಾನೆ. ಗಂಟೆ ಹೊಡೆಯುವವನೂ ಅವನೇ. ಗೊತ್ತಿಲ್ಲದ ಎರಡು ಹೆಸರಿಗೆ ಗೊತ್ತಿಲ್ಲ ಎಂದಳು. ಎಮ್ಮೆಟ್ ಸ್ಕಾಗ್ಸ್ ಎಂಬುವವನು ಪಟ್ಟಿಯಲ್ಲಿ ಎರಡು ಕಡೆ ಇದ್ದಾನೆ, ಇದು ಖಂಡಿತ ಮೋಸ ಎಂದು ಡೇಲ್ ವಾದಿಸಿದ.

"ಅಪ್ಪ ಒಬ್ಬ, ಮಗ ಒಬ್ಬ," ಎಂದಳು ವರ್ನೆಲ್. "ಅಪ್ಪಂಗೆ ಒಂದೇ ಕಾಲು. ಮಗ ಹಂದಿ ಸಾಕ್ತಾನೆ. ಇಬ್ರೂ ಒಂದೇ ಅಂದ್ರೆ ಅಪ್ಪಂಗೆ ಬೇಜಾರಾಗುತ್ತೆ ಕಣಪ್ಪ."

ಮಂಡಳಿಯವರು ನಕ್ಕರು. ಡೇಲ್‌ಗೂ ನಗು ಬಂತು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡ. ವಿಚಾರಣೆ ಶುರುವಾಗಿ ಎರಡು ಗಂಟೆಯಾಗುತ್ತ ಬಂದಿತ್ತು. ಕೂರಿ ಎಂದರೂ ಅವಳು ಕೂತಿರಲಿಲ್ಲ, ಒಂದು ಚೀಟಿಯನ್ನೂ ನೋಡಿರಲಿಲ್ಲ. ಡೇಲ್ ಕಂಪ್ಯೂಟರ್ ಪರದೆಯ ಮೇಲೆ ಸಾಲುಸಾಲಾಗಿ ಕಂಡಿದ್ದವರೆಲ್ಲ ಅವಳ ಬಾಯಲ್ಲಿ ಒಬ್ಬೊಬ್ಬರಾಗಿ ಬಾಗಿಲು ತೆರೆದು ಹೊರಗೆ ಬರುತ್ತಿದ್ದರು. ಬೇಡವೆಂದರೂ ಅವನು ಮನಸ್ಸಿಟ್ಟು ಕೇಳತೊಡಗಿದ್ದ.

"ಟಾಲಿವರ್," ಎಂದು ಓದಿದ ಕೊನೆಗೆ. ಕೈ ಕಡತದ ಮೇಲಿತ್ತು. "ಲೂಷಿಯಸ್ ಟಾಲಿವರ್."

ಮುದುಕಿ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಮ್ಮೆಜಮಾನ್ರು. ಹೋದ ವರ್ಷ ಮಾರ್ಚಲ್ಲಿ ತೀರಿಹೋದ್ರು. ತೆಗೀರಿ."

ಡೇಲ್‌ನ ಕೈ ಕಡತದಿಂದ ಹಿಂದೆ ಸರಿಯಿತು. ಇಷ್ಟು ದಿನ ಯಾಕೆ ತಿಳಿಸಲಿಲ್ಲ ಎಂದು ಅಧ್ಯಕ್ಷೆ ಮೆಲ್ಲಗೆ ಕೇಳಿದಳು.

"ಫಾರಂ ತಂದಿಟ್ಟಿದ್ದೆ ತಾಯಿ. ಅರವತ್ಮೂರನೇ ಇಸವೀಲಿ ಈ ಹೆಸರು ಬರೆಸೋಕೆ ಅವರು ಇಲ್ಲಿಗೆ ನಾಕು ಸಲ ಬಂದಿದ್ರು. ಕರಿಯ ಅಂತ ಆಗಿನ ಆಫೀಸಿನವರು ಸಂವಿಧಾನ ಓದು ಅಂದ್ರು, ಅರ್ಥ ಹೇಳು ಅಂದ್ರು. ಮೂರು ಸಲ, ಸರಿಯಾಗಿಲ್ಲ ಹೋಗು ಅಂತ ಕಳಿಸಿದ್ರು. ಅಂಥಾ ಹೆಸರನ್ನ ಅಳಿಸೋಕೆ ನಂಗೆ ಕೈ ಬರ್ಲಿಲ್ಲ. ತಪ್ಪು ನಂದೇ." ಆಮೇಲೆ ಡೇಲ್ ಕಡೆ ತಿರುಗಿದಳು. "ಇದೊಂದು ನೀನು ಸರಿಯಾಗೇ ಹಿಡಿದಿದೀಯ, ಮಗಾ."

ನಾಲ್ಕು ತಿಂಗಳಿಂದ ಡೇಲ್ ಈ ಮಾತಿಗೇ ಕಾದಿದ್ದ. ಅದು ಬಂದಾಗ ಕಡತದ ತುಣುಕನ್ನು ಹೊರಗೆ ತೆಗೆಯಲಿಲ್ಲ. ಹಾಳೆಯನ್ನು ಇನ್ನೊಮ್ಮೆ ನೋಡಿ, ಎದ್ದು ನಿಂತ.

"ಅವರು ತೀರಿಕೊಂಡ ಮೇಲೆ ಎರಡು ಚುನಾವಣೆ ಆಗಿವೆ. ಅವರ ಹೆಸರಲ್ಲಿ ಒಂದು ಮತವೂ ಬಿದ್ದಿಲ್ಲ. ಅದೂ ದಾಖಲಾಗ್ಲಿ," ಎಂದ. ಮಿಸೆಸ್ ಟಾಲಿವರ್ ಸಾಕ್ಷಿ ಹೇಳಿದವರ ಮೇಲಿನ ಆಕ್ಷೇಪಣೆಯನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೂ ಸೇರಿಸಿದ.

ಮಂಡಳಿಯ ಗುಮಾಸ್ತೆ ಲೂಷಿಯಸ್‌ನ ಹೆಸರು ಹೊಡೆದುಹಾಕಲು ಪೆನ್ನು ತೆಗೆದುಕೊಂಡಳು. ಆ ಗೆರೆ ನಾನೇ ಎಳೆಯಲೇ ಎಂದು ಕೇಳಿದಳು ವರ್ನೆಲ್. ಅಧ್ಯಕ್ಷೆ ಹಾಳೆಯನ್ನು ಅವಳ ಕಡೆ ತಿರುಗಿಸಿದಳು. ಡೇಲ್ ತನ್ನ ಕುರ್ಚಿ ಸರಿಸಿಕೊಟ್ಟ. ಮುದುಕಿ ಕೂತು, ಕೈಚೀಲದಿಂದ ತನ್ನ ಮತದಾರರ ಗುರುತಿನ ಚೀಟಿ ತೆಗೆದು, ಅದರ ಅಂಚನ್ನು ಗಂಡನ ಹೆಸರಿಗೆ ಒತ್ತಿ ಹಿಡಿದು, ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಒಂದೇ ಒಂದು ನೆಟ್ಟನೆಯ ಗೆರೆ ಎಳೆದಳು.