ಎರಡನೆಯ ಗುಂಡು

ದೇಚಮ್ಮ ಈ ಸಲವೂ ಒಂದೇ ಗುಂಡು ಹೊಡೆದು ಪಿಸ್ತೂಲು ಇಳಿಸಿದಳು. ಎದುರಿನ ಕಾಗದದ ಗುರಿಯಲ್ಲಿ, ನಟ್ಟನಡುವೆ, ಒಂದೇ ತೂತು. ಅವಳು ಸೇರಲಿದ್ದ ಸ್ಪರ್ಧೆಯ ನಿಯಮದಂತೆ ಅಲ್ಲಿ ಎರಡಿರಬೇಕಿತ್ತು. ಒಂದರ ಬೆನ್ನಿಗೇ ಇನ್ನೊಂದು.

“ಮತ್ತ ಒಂದಕ್ಕ ನಿಂತಿ!” ಎಂದರು ಗುರುಶಾಂತಪ್ಪ. “ಎರಡನೇದು ಯಾರಿಗಿ ಇಟ್ಟಿದಿ ತಂಗಿ? ಕಾಗದದ ಮನಷಾ ಅವ, ಅವಗೇನು ನೋವಾಗಂಗಿಲ್ಲ.”

ದೇಚಮ್ಮ ನಗಲು ನೋಡಿದಳು, ಆಗಲಿಲ್ಲ.

ಲಿವರ್‌ಮೋರ್‌ನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಕಲಬುರಗಿಯ ಈ ಹಿರಿಯರಿಗೆ ಶನಿವಾರವೆಂದರೆ ಗುಡ್ಡದ ಹಿಂದಿನ, ಗುರಿ ಹೊಡೆಯುವ ಈ ಬಯಲು ರೇಂಜು. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಪಿಸ್ತೂಲು ಮುಟ್ಟುವವರಲ್ಲ. ಬೆಂಚಿನ ಮೇಲೆ ಹಳೇ ಪಂಚೆ ಹಾಸಿ ತಮ್ಮ ಮೂರು ಪಿಸ್ತೂಲುಗಳನ್ನು ಅದರ ಮೇಲೆ ಇಟ್ಟಿದ್ದರು. ಮೂರೂ ಹಿಂದಿನ ಕಾಲದ ಮಾದರಿ: ಗುಂಡಿಗೆ ಬಡಿಯುವ ಹಿಂಬದಿಯ ಹ್ಯಾಮರ್ ಎತ್ತಿಕೊಂಡಿದ್ದರಷ್ಟೇ ಟ್ರಿಗರ್ ಕೆಲಸ ಮಾಡುತ್ತದೆ, ಒಂದು ಗುಂಡು ಹಾರಿದ ಕೂಡಲೇ ಹ್ಯಾಮರ್ ತಾನಾಗಿ ಮತ್ತೆ ಎತ್ತಿಕೊಳ್ಳುತ್ತದೆ. ದೇಚಮ್ಮನಿಗೆ ಅಂಥದ್ದೇ ಬೇಕಿತ್ತು. ಪಕ್ಕದೂರು ಡಬ್ಲಿನ್‌ನಲ್ಲಿ ತಾನು ಕೆಲಸ ಮಾಡುವ ಫಾರ್ಮಸಿ ಮುಚ್ಚಿ ಪಾರ್ಕಿಂಗಿಗೆ ಒಬ್ಬಳೇ ನಡೆಯುವಾಗ ಸೊಂಟದಲ್ಲಿರಬೇಕು, ಭಾನುವಾರದ ಸ್ಪರ್ಧೆಗೂ ಆಗಬೇಕು. ಯಾವ ಅಳತೆಯದನ್ನು ಕೊಳ್ಳುವುದೆಂದು ಇವತ್ತು ಗೊತ್ತುಮಾಡಿಕೊಳ್ಳಲು ಬಂದಿದ್ದಳು.

“ಎರಡಕ್ಕೂ ಒಂದ ಅಂದ್ರ ತ್ರಾಸ ಅದ ನೋಡು. ಸಣ್ಣದು ಅಂಗಿ ಒಳಗ ಅಡಗ್ತದ, ಖರೆ ಕೈಯಾಗ ಜಿಗೀತದ. ದೊಡ್ಡದು ಕೈಯಾಗ ಶಾಂತ ಕೂಡ್ತದ, ದಿನಾ ಕಟ್ಟಿದ್ರ ನಡು ಬೀಳ್ತದ. ನಡುವಿಂದು ಹಿಡದು ನೋಡು. ನೀ ಕೊಡಗಿನಾಕಿ, ನಿನಗ ನಾ ಏನು ಬಂದೂಕಿನ ಪಾಠ ಹೇಳ್ಲಿ!”

ನಡುವಿನದನ್ನು ಹಿಡಿದಳು. ಒಂದು ಗುಂಡು. ಬೆರಳು ಮತ್ತೆ ಕಲ್ಲಾಯಿತು.

“ಟ್ರಿಗರ್ ಬಿಗಿ ಅದ ಏನು?”

“ಪಿಸ್ತೂಲಿಂದು ತಪ್ಪಿಲ್ಲ ಅಂಕಲ್.” ಗುಂಡುಗಳನ್ನು ಹೊರತೆಗೆದು, ನಳಿಗೆಯನ್ನು ಗುಡ್ಡದ ಕಡೆಗೆ ಮಾಡಿ ಪಂಚೆಯ ಮೇಲಿಟ್ಟು ಬೆಂಚಿನ ಅಂಚಿಗೆ ಕೂತಳು. “ನಮ್ಮಲ್ಲಿ ಸುಮ್ಮಸುಮ್ಮನೆ ಎರಡು ಹೊಡೆಯಲ್ಲ. ಒಂದು ಗುಂಡು ಕೇಳಿದ್ರೆ ಆ ಮನೇಲಿ ಗಂಡು ಮಗು ಹುಟ್ಟಿದೆ ಅಂತ. ಬೆನ್ನಿಗೆ ಬೆನ್ನಿಗೆ ಎರಡು ಕೇಳಿದ್ರೆ ಯಾರೋ ಹೋದ್ರು ಅಂತ. ಕೇಳಿದವರು ಬರಲೇಬೇಕು. ಚಿಕ್ಕವಳಿದ್ದಾಗ ಒಂದ್ಸಲ ಅಪ್ಪನ ಕೋವಿ ತಗೊಂಡು ತಮಾಷೆಗೆ ಎರಡು ಹೊಡೆದುಬಿಟ್ಟಿದ್ದೆ. ಗದ್ದೇಲಿದ್ದವರೆಲ್ಲ ಕೆಸರು ಕಾಲಲ್ಲೇ ಓಡಿಬಂದ್ರು. ಅಪ್ಪ ಒಬ್ಬೊಬ್ಬರಿಗೂ ಕೈಮುಗಿದು, ಕಾಫಿ ಕೊಟ್ಟು ವಾಪಸ್ ಕಳಿಸಿದ್ರು. ಆಮೇಲೆ ಒಂದು ವಾರ ನನ್ನ ಹತ್ತಿರ ಮಾತಿಲ್ಲ.”

“ಅಷ್ಟಕ್ಕ ಬಿಟ್ಟರಾ? ನಮ್ಮಪ್ಪ ಆಗಿದ್ದರ ಬೆನ್ನು ಹರೀತಿದ್ದ,” ಎಂದು ಗುರುಶಾಂತಪ್ಪ ನಕ್ಕರು.

ಆ ಅಪ್ಪ ತೀರಿಕೊಂಡು ಎರಡು ವರ್ಷ, ಅದು ಗುರುಶಾಂತಪ್ಪನವರಿಗೂ ಗೊತ್ತಿತ್ತು. ಆಗ ಅವಳ ಗ್ರೀನ್ ಕಾರ್ಡಿನ ಅರ್ಜಿ ಅರ್ಧ ದಾರಿಯಲ್ಲಿತ್ತು. ಈಗ ದೇಶ ಬಿಟ್ಟರೆ ಅರ್ಜಿಯೇ ಬಿದ್ದುಹೋದೀತು ಎಂದು ವಕೀಲ ಹೇಳಿದ್ದ. ಅವಳು ಹೋಗಲಿಲ್ಲ. ಚಿಕ್ಕಪ್ಪನ ಮಗ ಅಂಗಳದಲ್ಲಿ ನಿಂತು ಆಕಾಶಕ್ಕೆ ಕೋವಿ ಎತ್ತಿದ್ದನ್ನು ಫೋನಿನ ವಿಡಿಯೊ ಕರೆಯಲ್ಲಿ ನೋಡಿದಳು. ನಳಿಗೆಯ ಬಾಯಲ್ಲಿ ಎರಡು ಸಲ ಹೊಗೆ ಎದ್ದಿತು. ಸದ್ದು ಬರಲಿಲ್ಲ. ಗದ್ದಲವನ್ನೆಲ್ಲ ಸೋಸಿ ಮಾತನ್ನು ಮಾತ್ರ ದಾಟಿಸುವ ಫೋನು ಅದನ್ನೂ ಗದ್ದಲವೆಂದೇ ತಿಳಿದಿತ್ತು. ಕೆಲವು ತಿಂಗಳಿಗೆ ಕಾರ್ಡು ಬಂತು. ಆ ಕಾರ್ಡಿನಿಂದಲೇ ಈಗ ಪಿಸ್ತೂಲು ಕೊಳ್ಳುವುದಕ್ಕೂ ಅಡ್ಡಿಯಿರಲಿಲ್ಲ.

“ಕಾರ್ಡು ಬಂದ ಮ್ಯಾಲ ಊರಿಗಿ ಹೋಗಿ ಬಂದಿ ಇಲ್ಲೋ?”

“ಹೋಗಿದ್ದೆ. ಎಲ್ಲರೂ ಅತ್ತು ಮುಗಿಸಿದ್ರು. ನನಗೆ ಮಾತ್ರ ಸುದ್ದಿ ಇನ್ನೂ ಬಂದೇ ಇಲ್ಲ ಅನ್ಸುತ್ತೆ ಅಂಕಲ್. ಭಾನುವಾರ ಬಂದ್ರೆ ಈಗಲೂ ಫೋನ್ ತಗೊಂಡು ಅಪ್ಪನ ನಂಬರ್ ಹುಡುಕ್ತೀನಿ.”

ಗುರುಶಾಂತಪ್ಪ ಅಂಗಿಯ ಮೇಲಿಂದಲೇ ಲಿಂಗದ ಮೇಲೆ ಅಂಗೈಯಿಟ್ಟುಕೊಂಡು ಅವಳ ಪಕ್ಕ ಕೂತರು. ಗುಡ್ಡದ ಒಣಹುಲ್ಲಿನ ಮೇಲೆ ಗಾಳಿ ಹಾಯುತ್ತಿತ್ತು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದರು. “ಕಾರಿನಾಗ ನೀರದ, ತರ್ತೀನಿ. ಯಾವುದು ಬೇಕು ಅನಸ್ತದ ನೀನೇ ಆರಸು. ಗಡಬಡಿ ಇಲ್ಲ.”

ಅವಳು ದೊಡ್ಡದನ್ನು ಎತ್ತಿಕೊಂಡಳು. ದಿನವೂ ಸೊಂಟಕ್ಕೆ ಇದು ಒಗ್ಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೆ ಮೂರರಲ್ಲಿ ಅಪ್ಪನ ಕೋವಿಯ ಭಾರ ಸ್ವಲ್ಪವಾದರೂ ಇದ್ದದ್ದು ಇದರಲ್ಲೇ. ಎರಡೇ ಗುಂಡು ತುಂಬಿದಳು. ಕಿವಿಯ ಮುಚ್ಚಳ ಸರಿಮಾಡಿಕೊಂಡಳು. ಮೊದಲನೆಯದು ಹೊಡೆದಾಗ ಸದ್ದು ಕಿವಿಗಿಂತ ಮುಂಚೆ ಎದೆಗೂಡಿಗೆ ಬಂತು. ಹ್ಯಾಮರ್ ಆಗಲೇ ಎತ್ತಿಕೊಂಡು ಕಾಯುತ್ತಿತ್ತು. ಬೆರಳು ಈ ಸಲ ನಿಲ್ಲಲಿಲ್ಲ.

ಎರಡೂ ಸದ್ದು ಗುಡ್ಡಕ್ಕೆ ಬಡಿದು ಹಿಂದಕ್ಕೆ ಬಂದವು. ಪಕ್ಕದ ಸಾಲುಗಳಲ್ಲಿದ್ದವರು ತಮ್ಮ ಪಾಡಿಗೆ ತಾವು ಗುರಿ ಹಿಡಿದಿದ್ದರು. ಯಾರೂ ತಿರುಗಿ ನೋಡಲಿಲ್ಲ. ದೇಚಮ್ಮ ಖಾಲಿ ಪಿಸ್ತೂಲನ್ನು ಬೆಂಚಿನ ಮೇಲಿಟ್ಟು, ಎರಡು ಕೈಯನ್ನೂ ಪಂಚೆಯ ಮೇಲೆ ಊರಿ ನಿಂತಳು.

ಬೆನ್ನ ಹಿಂದೆ ಜಲ್ಲಿಕಲ್ಲಿನ ಸದ್ದಾಯಿತು. ಗುರುಶಾಂತಪ್ಪ ಬರುತ್ತಿದ್ದರು. ನಡೆಯುತ್ತಿರಲಿಲ್ಲ, ನೋವಿನ ಮೊಣಕಾಲು ಎಷ್ಟು ಬಿಟ್ಟೀತೋ ಅಷ್ಟು ಓಡುತ್ತಿದ್ದರು. ಕೈಯಲ್ಲಿ ನೀರಿರಲಿಲ್ಲ. ಬೆಂಚಿಗೆ ನಾಲ್ಕು ಹೆಜ್ಜೆ ಇರುವಾಗ ನಿಂತು, ಬಗ್ಗಿ, ಬೂಟು ಕಳಚಿಟ್ಟರು. ಟೊಪ್ಪಿಗೆ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು. ಅವಳೆದುರು ಬಂದು ಏದುಸಿರು ಬಿಡುತ್ತಲೇ ಕೈಮುಗಿದರು.

“ಎರಡು ಕೇಳಿಸ್ದವು, ಬಂದೀನಿ,” ಎಂದರು. “ಯಾರು ಹ್ವಾದರು ಯವ್ವಾ?”

“ನಮ್ಮಪ್ಪ,” ಎಂದಳು ದೇಚಮ್ಮ.