ಲೆನ್ಸ್ ತೆಗೆಯುವ ಕೈ

"ಬೇಗ ತೆಗೀರಿ, ಚುಚ್ತಿದೆ," ಎಂದು ಅವಳು ಗಂಡನಿಗೆ ಮುಖವೊಡ್ಡಿ ನಿಂತಳು. ಎಡಗಣ್ಣಿನ ಲೆನ್ಸಿನ ಕೆಳಗೆ ರೆಪ್ಪೆಕೂದಲು ಸೇರಿಕೊಂಡಿತ್ತು. ಅವಳ ಕೈ ಕಣ್ಣು ಮುಟ್ಟುವ ಹಾಗಿರಲಿಲ್ಲ. ತಂಗಿಗೆ ಕಳಿಸಲೆಂದು ಬೆಳಿಗ್ಗೆ, ಒಂದು ಚೂರು ಬಿದ್ದರೂ ಇಡೀ ಪಾತ್ರೆ ಅಡುಗೆ ಖಾರವಾಗುವಂಥ ಮೆಣಸಿನಕಾಯಿ ಹೆಚ್ಚಿ, ಉಪ್ಪು ಬೆರೆಸಿ ಜಾಡಿಗೆ ತುಂಬಿದ್ದಳು. ಕೈಗವಸು ಅರ್ಧದಲ್ಲೇ ಹರಿದು, ಬೆರಳಿಗೆ ಹತ್ತಿದ ಖಾರ ಇನ್ನೂ ಹೋಗಿರಲಿಲ್ಲ.

ಗಂಡ ತೋರುಬೆರಳನ್ನು ಅವಳ ಕಣ್ಣಿನವರೆಗೆ ತಂದು ನಿಲ್ಲಿಸಿದ. "ಇನ್ನೊಂದ್ಸಲ ಕೈ ತೊಳ್ಕೊಂಡ್ ಬರ್ತೀನಿ."

"ಆಗ್ಲೇ ಎರಡ್ಸಲ ತೊಳೆದ್ರಲ್ಲ. ನೀವೇನ್ ಆಪರೇಷನ್ ಮಾಡ್ಬೇಕಾ?"

ಅವನು ಬೆರಳನ್ನು ಮೂಸಿ ನೋಡಿದ. ಹೊಟ್ಟೆಹುಣ್ಣಿಗೆಂದು ಡಾಕ್ಟರು ಅವನಿಗೆ ಖಾರ ಬಿಡಿಸಿ ಆರು ತಿಂಗಳಾಗಿತ್ತು. ಅವನಿಗೆ ಆಸೆಯಾಗಬಾರದೆಂದು ಅವಳೂ ಆರು ತಿಂಗಳಿಂದ ಸಪ್ಪೆಯನ್ನೇ ಉಣ್ಣುತ್ತಿದ್ದಳು. ನಿಜ ಹೇಳಿದರೆ ಮನೆಯಲ್ಲಿ ರಂಪ, ಹೇಳದೆ ಮುಟ್ಟಿದರೆ ಅವಳ ಕಣ್ಣು ಹೋಗುತ್ತದೆ.

"ನನ್ ಕೈಲೂ ಖಾರ ಇದೆ ಕಣೇ," ಎಂದ. "ಮಧ್ಯಾಹ್ನ ಊಟಕ್ಕೆ ಆ ಜಾಡೀದೇ ಹಾಕ್ಕೊಂಡೆ."

ಅವಳು ಬಲಗಣ್ಣೊಂದರಿಂದಲೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಒಳಗೆ ತಿರುಗಿ, "ಅತ್ತೇ, ನೀವಾದ್ರೂ ಬನ್ನಿ," ಎಂದು ಕರೆದಳು.

ಅತ್ತೆ ಕೋಣೆಯ ಬಾಗಿಲವರೆಗೆ ಬಂದು, ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ನಾನೂ ಮುಟ್ಟೋ ಹಾಗಿಲ್ಲಮ್ಮ," ಎಂದರು ಅತ್ತೆ. "ಅವನ ಅನ್ನಕ್ಕೆ ಅದನ್ನ ಕಿವುಚಿ ಕೊಟ್ಟೋಳು ನಾನೇ."